ಪಾರ್ಕಿಗೆ ಹೊರಟ ಮಕ್ಕಳ ಕೈಗೆ ಯಾವ ಭೂತಗನ್ನಡಿ?

ಮಳೆ ಬಿಟ್ಟ ಬೆಳಿಗ್ಗೆ ಮಂಗಳೂರಿನ ಕದ್ರಿ ಪಾರ್ಕಿಗೋ ಉಡುಪಿ ಅಜ್ಜರಕಾಡಿನ ಭುಜಂಗ ಪಾರ್ಕಿಗೋ ಮಕ್ಕಳನ್ನು ಕರೆದುಕೊಂಡು ಹೋದರೆ ಜೋಕಾಲಿ, ಜಾರುಬಂಡಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಏನು? ಒಳ್ಳೆಯದೊಂದು ಭೂತಗನ್ನಡಿ ಇದ್ದರೆ ಹಾವಸೆ ಕಟ್ಟಿದ ಒಂದು ಮೋಟು ಮುರಕಲ್ಲ ಗೋಡೆಯೇ ಇನ್ನೊಂದು ಗಂಟೆಗೆ ಸಾಕು. ಆದರೆ ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಒಳ್ಳೆಯವಲ್ಲ. ಒಳ್ಳೆಯದು ಸಿಕ್ಕಿದರೂ ಹಿಡಿಯುವ ಕ್ರಮ ಗೊತ್ತಿಲ್ಲದೆ ಎಷ್ಟೋ ಮನೆಯಲ್ಲಿ ಅದು ಮೂಲೆ ಸೇರುತ್ತದೆ. ಇಲ್ಲಿ ತೂಗಿ ನೋಡಿರುವುದು ಮೂರು ನಮೂನೆ: ಹಿಡಿಕೆ ಇರುವ ಪ್ಲಾಸ್ಟಿಕ್ ಭೂತಗನ್ನಡಿ, ಮುಚ್ಚಳದಲ್ಲಿ ಲೆನ್ಸ್ ಇರುವ ಹುಳದ ಡಬ್ಬಿ, ಮತ್ತೆ ಚಿನ್ನದ ಅಂಗಡಿಯವರು ಬಳಸುವ ಮಡಚುವ ಪುಟ್ಟ ಲೆನ್ಸ್, ಅಂದರೆ ಲೂಪ್.

ಪ್ಲಾಸ್ಟಿಕ್ ಭೂತಗನ್ನಡಿ ಸ್ಟೇಷನರಿ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ವರ್ಧನೆ ಎರಡು-ಮೂರು ಪಟ್ಟು, ಅಷ್ಟೆ. ಐದು ವರ್ಷದ ಒಳಗಿನ ಮಕ್ಕಳಿಗೆ ಇದೇ ಸರಿ: ಲೆನ್ಸ್ ದೊಡ್ಡದು, ಕೈ ನಡುಗಿದರೂ ಚಿತ್ರ ಕೆಡುವುದಿಲ್ಲ, ಬಸವನಹುಳ, ಚೇರಟೆಯಂಥ ದೊಡ್ಡ ಜೀವಿ ಪೂರ್ತಿ ಕಾಣುತ್ತದೆ. ಗೀರು ಬೀಳುವುದೇ ಇದರ ದೊಡ್ಡ ತೊಂದರೆ. ಮಣ್ಣು ತಾಗಿದ ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಿದರೆ ಮರಳಿನ ಕಣವೇ ಉಪ್ಪುಕಾಗದದ ಕೆಲಸ ಮಾಡುತ್ತದೆ. ಮೊದಲು ನೀರಲ್ಲಿ ಹಿಡಿದು ಮಣ್ಣು ತೊಳೆದುಹೋಗಲಿ, ಒರೆಸುವುದು ಆಮೇಲೆ.

ಹುಳದ ಡಬ್ಬಿ ನೋಡಲು ಚೆಂದ, ಮಕ್ಕಳೂ ಅದನ್ನೇ ಕೇಳುತ್ತಾರೆ. ಲೆನ್ಸಿನ ಎತ್ತರವನ್ನು ಡಬ್ಬಿಯ ತಳಕ್ಕೆ ಹೊಂದಿಸಿರುವುದರಿಂದ ಹುಳ ತಳದಲ್ಲಿರುವಷ್ಟು ಹೊತ್ತು ಸ್ಪಷ್ಟ ಕಾಣುತ್ತದೆ, ಗೋಡೆ ಹತ್ತಿದ ಕೂಡಲೇ ಮಸುಕು. ಒದ್ದೆ ಎಲೆಯ ಸಮೇತ ಹಾಕಿದರೆ ನಮ್ಮ ಕರಾವಳಿಯ ಸೆಖೆಗೆ ಕೆಲವೇ ನಿಮಿಷದಲ್ಲಿ ಒಳಗೆ ಹಬೆ ಕಟ್ಟುತ್ತದೆ. ಗಾಳಿಯ ತೂತು ಇಲ್ಲದ ಡಬ್ಬಿ ಕೊಳ್ಳಲೇಬೇಡಿ. ತೂತು ಇದ್ದರೂ ನೆರಳಲ್ಲೇ ಇಡಬೇಕು, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹುಳವನ್ನು ಕೂಡಿಹಾಕಬಾರದು, ಹಿಡಿದ ಜಾಗದಲ್ಲೇ ಬಿಡಬೇಕು. ಬಿಸಿಲಲ್ಲಿ ಮರೆತ ಡಬ್ಬಿಯೊಳಗೆ ಜೀವ ಉಳಿಯುವುದಿಲ್ಲ.

ಆರು ವರ್ಷ ದಾಟಿದ ಮಕ್ಕಳಿಗೆ ಕೊಡಬೇಕಾದ್ದು ಮಡಚುವ ಲೂಪ್, 10 ಪಟ್ಟು, ಗಾಜಿನದ್ದು, ಅಡ್ಡಳತೆ 18ರಿಂದ 21 ಮಿಲಿಮೀಟರ್. ಅಗ್ಗದ್ದು 200–300 ರೂಪಾಯಿಯೊಳಗೆ ಸಿಗುತ್ತದೆ. ಶಾಲೆಯ ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಯಲ್ಲೋ ವಾಚ್ ರಿಪೇರಿಯ ಬಿಡಿಭಾಗ ಮಾರುವಲ್ಲೋ ಕೇಳಿ. ಕೊಳ್ಳುವಾಗ ಒಂದು ಎಚ್ಚರ ಬೇಕು. ಕೆಲವು ಅಗ್ಗದ ಲೂಪಿನ ಮೇಲೆ ‘30 × 21’ ಎಂದು ಕೊರೆದಿರುತ್ತದೆ. 21 ಎಂಬುದು ಅಡ್ಡಳತೆ, ಅದು ಸಾಮಾನ್ಯವಾಗಿ ನಿಜ. 30 ಎಂಬುದನ್ನು ನಂಬಬೇಡಿ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಬಾಗಿಲ ಹೊರಗಿನ ದೂರದ ಬೆಳಕನ್ನು ಲೆನ್ಸಿನ ಮೂಲಕ ಬಿಳಿ ಕಾಗದದ ಮೇಲೆ ಬೀಳಿಸಿ, ಚಿತ್ರ ಚೊಕ್ಕವಾಗಿ ಮೂಡಿದಾಗ ಲೆನ್ಸಿಗೂ ಕಾಗದಕ್ಕೂ ಎಷ್ಟು ಸೆಂಟಿಮೀಟರ್ ಎಂದು ಸ್ಕೇಲಿನಲ್ಲಿ ಅಳೆಯಿರಿ. 25ನ್ನು ಆ ಅಂತರದಿಂದ ಭಾಗಿಸಿದರೆ ಬರುವುದೇ ನಿಜವಾದ ವರ್ಧನೆ. ಎರಡೂವರೆ ಸೆಂಟಿಮೀಟರ್ ಬಂದರೆ 10 ಪಟ್ಟು. ನಿಜಕ್ಕೂ 30 ಪಟ್ಟಿನದ್ದಾಗಿದ್ದರೆ ಅಂತರ ಒಂದು ಸೆಂಟಿಮೀಟರೂ ಇರುವುದಿಲ್ಲ, ಅಂಥದ್ದನ್ನು ಮಕ್ಕಳ ಕೈಯಲ್ಲಿ ಸ್ಥಿರವಾಗಿ ಹಿಡಿಸುವುದೂ ಆಗದ ಮಾತು. ಒಂದೇ ಗಾಜಿನ ಲೂಪಿನಲ್ಲಿ ಅಂಚಿನ ಕಡೆ ಚಿತ್ರ ಬಾಗಿ ಬಣ್ಣದ ಗೆರೆ ಕಾಣುತ್ತದೆ. ಮೂರು ಗಾಜು ಅಂಟಿಸಿದ ‘ಟ್ರಿಪ್ಲೆಟ್’ ಅಂಚಿನವರೆಗೂ ಚೊಕ್ಕ, ಬೆಲೆ ಹೆಚ್ಚು. ಕೈ ತಪ್ಪಿ ಬೀಳುವ ಸಾಮಾನಾದ್ದರಿಂದ ಮೊದಲ ವರ್ಷಕ್ಕೆ ಅಗ್ಗದ್ದೇ ಸಾಕು. ಇಬ್ಬರು ಮಕ್ಕಳಿಗೆ ಒಂದು ಕೊಡಿ, ಒಬ್ಬರು ನೋಡುವಾಗ ಇನ್ನೊಬ್ಬರು ಹುಡುಕುತ್ತಾರೆ.

ಹಿಡಿಯುವ ಕ್ರಮದಲ್ಲೇ ಎಲ್ಲರೂ ತಪ್ಪುವುದು. ಸಿನಿಮಾದ ಪತ್ತೇದಾರರ ಹಾಗೆ ಕೈ ಚಾಚಿ ಹಿಡಿದರೆ 10 ಪಟ್ಟಿನ ಲೂಪಿನಲ್ಲಿ ಮಸುಕು ಬಿಟ್ಟು ಏನೂ ಕಾಣದು. ಮಗುವಿಗೆ ಹೇಳಬೇಕಾದ್ದು ಇಷ್ಟು: “ಲೆನ್ಸು ಕಣ್ಣಿನ ಹತ್ತಿರ, ಹೂ ಲೆನ್ಸಿನ ಹತ್ತಿರ.” ಲೂಪ್ ಹಿಡಿದ ಕೈಯ ಹೆಬ್ಬೆರಳು ಕೆನ್ನೆಗೆ ಊರಿರಲಿ. ಇನ್ನೊಂದು ಕೈಯಲ್ಲಿರುವ ಎಲೆಯನ್ನು ಎರಡೂವರೆ ಸೆಂಟಿಮೀಟರಿನವರೆಗೆ ನಿಧಾನವಾಗಿ ತರಬೇಕು, ಎರಡೂ ಕೈಯ ಬೆರಳು ಒಂದಕ್ಕೊಂದು ತಾಗಿದ್ದರೆ ನಡುಕ ನಿಲ್ಲುತ್ತದೆ. ಬೆಳಕು ಎಲೆಯ ಮೇಲೆ ಬೀಳಬೇಕು, ಟೋಪಿಯ ನೆರಳು ಬೀಳಬಾರದು. ಗೋಡೆ ನೋಡುವಾಗ ಗೋಡೆ ಬರಲಾರದು, ತಲೆಯೇ ಹೋಗಬೇಕು.

ಏನು ನೋಡುವುದು? ಜೂನ್ ಕಳೆದ ಮೇಲೆ ಮುರಕಲ್ಲಿನ ಮೇಲೆ ಹಾವಸೆ, ಅದರ ನಡುವೆ ಕೂದಲಿನಂಥ ಕಡ್ಡಿ, ಕಡ್ಡಿಯ ತುದಿಗೆ ಟೋಪಿ ಹಾಕಿದ ಪುಟ್ಟ ಗಡಿಗೆ. ಜರಿಗಿಡದ ಎಲೆ ಮಗುಚಿದರೆ ಕಂದು ಚುಕ್ಕೆಗಳ ಸಾಲು. ಬಲಿತ ಎಲೆಯನ್ನು ನೆರಳಿನಿಂದ ಬೆಳಕಿಗೆ ತಂದು ಹಿಡಿದುಕೊಂಡಿರಿ, ಒಣಗುತ್ತ ಬಂದ ಹಾಗೆ ಆ ಚುಕ್ಕೆಗಳಲ್ಲಿರುವ ಬೀಜಕದ (ಬೀಜದ ಕೆಲಸ ಮಾಡುವ ಪುಡಿಯ) ಚೀಲಗಳು ಕವಣೆಯಂತೆ ಹಿಂದಕ್ಕೆ ಬಾಗಿ ಪಟಕ್ಕನೆ ಚಿಮ್ಮುವುದು ಕಾಣುತ್ತದೆ. ತಾಳ್ಮೆ ಬೇಕು, ಆದರೆ ಒಮ್ಮೆ ಕಂಡ ಮಗು ಎಲೆ ಕೆಳಗಿಡುವುದಿಲ್ಲ. ದಾಸವಾಳದ ಪರಾಗ ರವೆಯ ಕಾಳಿನಂತೆ ಬಿಡಿಬಿಡಿ. ನಿಂಬೆ, ಕರಿಬೇವಿನ ಎಳೆ ಎಲೆಯಲ್ಲಿ ಸಾಸಿವೆಯಷ್ಟು ದೊಡ್ಡ ತಿಳಿಹಳದಿ ಮೊಟ್ಟೆ ಸಿಕ್ಕಿದರೆ ಅದು ಚಿಟ್ಟೆಯದು. ಪಕ್ಕದಲ್ಲಿ ಹಕ್ಕಿ ಹಿಕ್ಕೆಯಂತೆ ಬಿದ್ದಿರುವುದು ಬಹುಶಃ ಅದೇ ಜಾತಿಯ ಮರಿಹುಳ. ಅದನ್ನು ಮುಟ್ಟದೆ ನೋಡಿ.

ಎಲ್ಲ ಮಕ್ಕಳೂ ಒಂದೇ ಕಡೆ ಮುಗಿಬೀಳದಂತೆ ತಲಾ ಒಂದು ಮೀಟರ್ ದಾರ ಕೊಡಿ. ತುದಿ ಗಂಟು ಹಾಕಿ ಹುಲ್ಲಿನ ಮೇಲೆ ಬಿಟ್ಟರೆ ಸುಮಾರು 30 ಸೆಂಟಿಮೀಟರ್ ಅಗಲದ ವೃತ್ತ. ಹತ್ತು ನಿಮಿಷದಲ್ಲಿ ಆ ವೃತ್ತದೊಳಗೆ ಎಷ್ಟು ಬಗೆ ಎಲೆ, ಎಷ್ಟು ಬಗೆ ಹುಳ ಎಂದು ಎಣಿಸುವ ಆಟ. ನಾಚಿಕೆಮುಳ್ಳು ಇರುವಲ್ಲಿ ಮೊಣಕಾಲು ಊರುವ ಮೊದಲು ನೋಡಿಕೊಳ್ಳಬೇಕು.

ಚಗಳಿ ಇರುವೆಯನ್ನು ಗೂಡಿನ ಹತ್ತಿರ ನೋಡಲು ಹೋಗಬೇಡಿ. ಮರಿಗಳ ನೂಲಿನಿಂದ ಎಲೆ ಹೊಲಿದ ಆ ಗೂಡು ಅಲುಗಿದರೆ ನೂರಾರು ಇರುವೆ ಒಟ್ಟಿಗೆ ಇಳಿಯುತ್ತವೆ. ಬೇಲಿಯ ಮೇಲೆ ಸಾಲು ಹೋಗುವಲ್ಲಿ ನಿಂತು, ಎದುರಾದ ಎರಡು ಇರುವೆ ಮೀಸೆ ತಾಗಿಸುವುದನ್ನು ಪ್ಲಾಸ್ಟಿಕ್ ಭೂತಗನ್ನಡಿಯಲ್ಲಿ ನೋಡಿ. ಲೂಪ್ ಹಿಡಿದು ಇರುವೆಯ ಅಷ್ಟು ಹತ್ತಿರ ಹೋಗುವುದು ಬೇಡ. ಕಂಬಳಿಹುಳದ ಕೂದಲು ಚರ್ಮಕ್ಕೆ ಹೊಕ್ಕರೆ ಉಜ್ಜಬಾರದು. ಅಂಟುಪಟ್ಟಿ ಒತ್ತಿ ಎಳೆದು, ಆಮೇಲೆ ಸಾಬೂನು ನೀರಲ್ಲಿ ತೊಳೆಯಬೇಕು. ಯಾವ ಲೆನ್ಸಿನಿಂದಲೂ ಸೂರ್ಯನನ್ನು ನೋಡಬಾರದು, ಇದನ್ನು ಪ್ರತಿ ಸಲವೂ ಹೇಳಲೇಬೇಕು. ತೆರೆದ ಲೂಪನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಬಿಸಿಲು ಒಂದೇ ಕಡೆ ಕೂಡಿ ಸುಟ್ಟ ಕಲೆ ಬೀಳಬಹುದು.

ನಮ್ಮ ಊರಿನ ಹವೆಯಲ್ಲಿ ಲೂಪಿನ ನಿಜವಾದ ಶತ್ರು ಬೂಸ್ಟು. ಜೊತೆಗೆ ಬರುವ ಚರ್ಮದ ಚೀಲ ತೇವ ಹಿಡಿದಿಡುತ್ತದೆ, ಮಳೆಗಾಲದಲ್ಲಿ ಅದರೊಳಗೆ ಇಟ್ಟ ಗಾಜಿನ ಮೇಲೆ ಜೇಡನ ಬಲೆಯಂಥ ಎಳೆ ಹಬ್ಬುತ್ತದೆ. ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಡಚುವ ಕೀಲಿಗೆ ತಿಂಗಳಿಗೊಮ್ಮೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ಹನಿ, ಗಾಜಿಗೆ ತಾಗದಂತೆ ಸೂಜಿಯ ತುದಿಯಿಂದ.