ಓರೆಯಾದ ಸ್ಕ್ಯಾನ್: ಯಂತ್ರದಲ್ಲೇ ನೇರಗೊಳಿಸುವುದೋ, ತಂತ್ರಾಂಶಕ್ಕೆ ಬಿಡುವುದೋ?

ಕಚೇರಿಯ ಮಲ್ಟಿಫಂಕ್ಷನ್ ಪ್ರಿಂಟರಿನಲ್ಲಿ ಹಾಳೆಗಳನ್ನು ಒಂದೊಂದಾಗಿ ಒಳಗೆಳೆದುಕೊಳ್ಳುವ ಫೀಡರಿಗೆ ಕಾಗದದ ಕಟ್ಟನ್ನು ಒಡ್ಡಿದರೆ ಒಂದಷ್ಟು ಪುಟಗಳು ಓರೆಯಾಗಿಯೇ ಬರುತ್ತವೆ. ಒಂದು ಡಿಗ್ರಿ ಎಂದರೆ ಅಲ್ಪವೆನಿಸಬಹುದು. ಆದರೆ ಎ4 ಹಾಳೆಯ 297 ಮಿಲಿಮೀಟರ್ ಉದ್ದದಲ್ಲಿ ಅದು ಸುಮಾರು 5 ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. ಇದಕ್ಕೆ ಪರಿಹಾರವಾಗಿ ನಾನು ಬಳಸಿ ನೋಡಿದವುಗಳೆಂದರೆ ಫೀಡರನ್ನೇ ಸರಿಪಡಿಸಿಕೊಳ್ಳುವುದು, ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡುವುದು, ಯಂತ್ರದ ಸ್ವಯಂಚಾಲಿತ ನೇರಗೊಳಿಕೆ, ಓಸಿಆರ್‌ಮೈಪಿಡಿಎಫ್, ಸ್ಕ್ಯಾನ್‌ಟೇಲರ್ ಮತ್ತು ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶಗಳು.

ಇವುಗಳನ್ನು ಹೋಲಿಸುವ ಮೊದಲು ಓರೆಯಲ್ಲಿ ಎರಡು ಬಗೆ ಇದೆಯೆಂಬುದನ್ನು ಗಮನಿಸಬೇಕು. ಹಾಳೆ ಮೊದಲೇ ಓರೆಯಾಗಿ ಒಳಹೊಕ್ಕು ಅದೇ ಕೋನದಲ್ಲಿ ಸಾಗಿದರೆ ಇಡೀ ಪುಟ ಒಂದೇ ಸಮನೆ ವಾಲಿರುತ್ತದೆ. ಒಂದು ಬದಿಯ ರೋಲರ್ ಜಾರುತ್ತಿದ್ದರೆ ಹಾಳೆ ಸಾಗುತ್ತಾ ಸಾಗುತ್ತಾ ತಿರುಗುವುದರಿಂದ, ಮೇಲಿನ ಸಾಲು ನೇರವಾಗಿದ್ದು ಕೆಳಗಿನ ಸಾಲು ವಾಲಿರುತ್ತದೆ. ಮೊದಲನೆಯದನ್ನು ಯಾವ ತಂತ್ರಾಂಶವಾದರೂ ಒಂದು ತಿರುವಿನಲ್ಲಿ ಸರಿಪಡಿಸುತ್ತದೆ. ಎರಡನೆಯದರಲ್ಲಿ ಕೆಳಭಾಗವನ್ನು ಸರಿಪಡಿಸಿದರೆ ಮೇಲ್ಭಾಗ ಕೆಡುತ್ತದೆ. ಪರದೆಯ ಮೇಲೆ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಚಿತ್ರದ ಅಂಚಿಗೆ ಹೋಲಿಸಿ ನೋಡಿದರೆ ಇದು ಯಾವ ಬಗೆ ಎಂಬುದು ಕೂಡಲೇ ತಿಳಿಯುತ್ತದೆ.

ಫೀಡರನ್ನು ಸರಿಪಡಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ದಾರಿ, ಮತ್ತು ಎಲ್ಲರೂ ಕಡೆಗಣಿಸುವ ದಾರಿಯೂ ಹೌದು. ಕಾಗದದ ಎರಡೂ ಪಕ್ಕದ ಗೈಡುಗಳನ್ನು ಹಾಳೆಗೆ ತಾಗುವಂತೆ, ಆದರೆ ಹಾಳೆ ಬಾಗದಂತೆ ತಂದು ನಿಲ್ಲಿಸಬೇಕು. ಸ್ಟೇಪಲ್ ಪಿನ್ ತೆಗೆದ ಮೂಲೆಯಲ್ಲಿ ಹಾಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಆ ಮೂಲೆ ಹಿಂದೆ ಉಳಿದು ಇನ್ನೊಂದು ಮೂಲೆ ಮುಂದೆ ಹೋದರೆ ಹಾಳೆ ತಿರುಗದೆ ಇನ್ನೇನಾದೀತು? ಕಟ್ಟನ್ನು ಬಿಡಿಸಿ, ಮಡಿಕೆಗಳನ್ನು ನೇರ ಮಾಡಿ, ಬೇರೆ ಬೇರೆ ಅಗಲದ ಹಾಳೆಗಳನ್ನು ವಿಂಗಡಿಸಿ ಹಾಕಿದರೆ ಓರೆ ಪುಟಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಆಮೇಲೂ ಎಲ್ಲ ಪುಟಗಳು ಒಂದೇ ಕಡೆಗೆ ವಾಲುತ್ತಿದ್ದರೆ ರೋಲರಿನ ಮೇಲೆ ಕಾಗದದ ಧೂಳು ಕೂತಿದೆ ಅಥವಾ ಅದರ ರಬ್ಬರ್ ಸವೆದಿದೆ ಎಂದೇ ನಾನು ಮೊದಲು ಅನುಮಾನಿಸುತ್ತೇನೆ. ನೂಲು ಬಿಡದ ಬಟ್ಟೆಯನ್ನು ತುಸು ಒದ್ದೆ ಮಾಡಿ ಒರೆಸುವುದು ಮೊದಲ ಹಂತ, ರೋಲರ್ ಬದಲಿಸುವುದು ಮುಂದಿನದು. ಹಾಳೆ ವಾಲಿದ್ದರಿಂದ ಸ್ಕ್ಯಾನಿನ ಹೊರಗೆ ಉಳಿದ ಮೂಲೆಯ ಅಕ್ಷರಗಳನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಈ ಒಂದು ಕಾರಣಕ್ಕೇ ನಾನು ಫೀಡರಿಗೆ ಮೊದಲ ಸ್ಥಾನ ಕೊಡುತ್ತೇನೆ.

ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿದರೆ ಹಾಳೆ ಚಲಿಸುವುದೇ ಇಲ್ಲವಾದ್ದರಿಂದ ಎರಡನೆಯ ಬಗೆಯ ಓರೆಯ ಪ್ರಶ್ನೆಯೇ ಬರುವುದಿಲ್ಲ. ಆದರೆ ದೊಡ್ಡ ಕಡತಕ್ಕೆ ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ.

ಯಂತ್ರದ ಸೆಟ್ಟಿಂಗಿನಲ್ಲಿ ಸಿಗುವ ಸ್ವಯಂಚಾಲಿತ ನೇರಗೊಳಿಕೆ ಅನುಕೂಲಕರವಾದುದು, ಏಕೆಂದರೆ ಒಮ್ಮೆ ಆಯ್ಕೆ ಮಾಡಿದರೆ ಬೇರೆ ಕೆಲಸವಿಲ್ಲ. ನಾನು ಬಳಸಿದ ಯಂತ್ರವು ಅಚ್ಚುಕಟ್ಟಾಗಿ ಟೈಪ್ ಆದ ಪತ್ರಗಳನ್ನು ಚೆನ್ನಾಗಿಯೇ ನಿಭಾಯಿಸಿತು. ಓರೆಯಾಗಿ ಜೆರಾಕ್ಸ್ ಮಾಡಿದ ಪ್ರತಿಯಲ್ಲಿ ಮಾತ್ರ ಅದು ಹಾಳೆಯ ಅಂಚನ್ನು ನೇರವಾಗಿಸಿ, ಅಕ್ಷರಗಳನ್ನು ವಾಲಿದಂತೆಯೇ ಬಿಟ್ಟಿತು. ಇನ್ನೊಂದು ತೊಡಕೆಂದರೆ, ತಿರುಗಿಸುವ ಮುಂಚಿನ ಚಿತ್ರ ಅಲ್ಲಿ ಉಳಿಯುವುದಿಲ್ಲ. ಯಂತ್ರದ ಊಹೆ ತಪ್ಪಾದರೆ ಮತ್ತೆ ಸ್ಕ್ಯಾನ್ ಮಾಡುವುದೊಂದೇ ದಾರಿ.

ದಿನನಿತ್ಯದ ಕೆಲಸಕ್ಕೆ ನನಗೆ ಹೆಚ್ಚು ಒಗ್ಗಿರುವುದು ಓಸಿಆರ್‌ಮೈಪಿಡಿಎಫ್. ಉಚಿತವಾಗಿ ಸಿಗುವ ಈ ತಂತ್ರಾಂಶಕ್ಕೆ ಕಮಾಂಡಿನ ಒಂದೇ ಸಾಲಿನಲ್ಲಿ ಇಡೀ ಪಿಡಿಎಫ್ ಒಪ್ಪಿಸಬಹುದು. ಚಿತ್ರದಲ್ಲಿರುವ ಅಕ್ಷರಗಳನ್ನು ಓದುವ (ಇದಕ್ಕೇ ಓಸಿಆರ್ ಎನ್ನುವುದು) ಟೆಸರಾಕ್ಟ್ ಎಂಬ ತಂತ್ರಾಂಶದ ನೆರವಿನಿಂದ ಅದು ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಪಠ್ಯವನ್ನು ಗುರುತಿಸಿ, ಹುಡುಕಲು ಬರುವ ಪದರವೊಂದನ್ನು ಪುಟದ ಚಿತ್ರದ ಹಿಂದೆ ಕಾಣದಂತೆ ಸೇರಿಸುತ್ತದೆ. ಇದರಲ್ಲಿ ಡಿಸ್ಕ್ಯೂ ಎಂಬ ಆಯ್ಕೆ ಸಣ್ಣ ಓರೆಗೆ, ರೊಟೇಟ್ ಪೇಜಸ್ ಎಂಬುದು ತಲೆಕೆಳಗಾದ ಅಥವಾ ಅಡ್ಡವಾದ ಪುಟಗಳಿಗೆ. ಎರಡೂ ಬೇರೆ ಬೇರೆ ಎಂಬುದನ್ನು ಹೊಸಬರು ಗಮನಿಸಬೇಕು. ಯಂತ್ರವೇ ಮೊದಲು ಪಠ್ಯದ ಪದರ ಸೇರಿಸಿದ್ದರೆ ಈ ತಂತ್ರಾಂಶ ಕಡತವನ್ನು ಮುಟ್ಟದೆ ನಿಂತುಬಿಡುತ್ತದೆ, ಆದ್ದರಿಂದ ಯಂತ್ರದ ಓಸಿಆರನ್ನು ಮುಚ್ಚಿಟ್ಟೇ ಸ್ಕ್ಯಾನ್ ಮಾಡುವುದು ಒಳಿತು. ಮೊಹರು, ಸಹಿ ಮತ್ತು ಒಂದೆರಡು ಸಾಲು ಮಾತ್ರ ಇರುವ ಪುಟದಲ್ಲಿ ಕೋನ ಅಳೆಯಲು ಆಧಾರವೇ ಸಾಲದು. ಅಂಥ ಪುಟ ಮೊದಲಿಗಿಂತ ಹೆಚ್ಚು ಸೊಟ್ಟಗಾದದ್ದೂ ಉಂಟು.

ಅಂಥ ಕಡೆ ಸ್ಕ್ಯಾನ್‌ಟೇಲರ್ ಗೆಲ್ಲುತ್ತದೆ. ಅದು ಪ್ರತಿ ಪುಟದ ಕೋನವನ್ನು ತಾನೇ ಊಹಿಸಿ ತೋರಿಸುತ್ತದೆ. ಒಪ್ಪಿಗೆಯಾಗದಿದ್ದರೆ ಪುಟದ ಮೇಲೆ ಮೂಡುವ ಗೆರೆಯ ತುದಿಯನ್ನು ಹಿಡಿದು ಎಳೆದು, ಕೆಳಗೆ ಹಾಸಿದ ಚೌಕುಳಿಗೆ ಸಾಲನ್ನು ಸರಿಹೊಂದಿಸಬಹುದು. ಬಾಗಿದ ಪುಟಗಳಿಗಾಗಿ ಅದರಲ್ಲಿರುವ ಡಿವಾರ್ಪಿಂಗ್ ಸೌಲಭ್ಯದಿಂದ, ಫೀಡರಿನಲ್ಲಿ ತಿರುಗುತ್ತಾ ಹೋದ ಹಾಳೆಯನ್ನೂ ಸ್ವಲ್ಪ ಮಟ್ಟಿಗೆ ಸರಿಪಡಿಸಬಹುದು. ಬೆಲೆ ತೆರಬೇಕಾದದ್ದು ಸಮಯದಲ್ಲಿ. ಅದು ಪಿಡಿಎಫ್ ಓದುವುದಿಲ್ಲ, ಬರೆಯುವುದೂ ಇಲ್ಲ. ಮೊದಲು ಚಿತ್ರಗಳನ್ನು ಹೊರತೆಗೆದು, ಕೊನೆಗೆ ಅದು ಕೊಡುವ ಟಿಫ್ ಎಂಬ ಬಗೆಯ ಚಿತ್ರ ಕಡತಗಳನ್ನು ಒಟ್ಟುಗೂಡಿಸಬೇಕು. ಕಾಪಿಡಬೇಕಾದ ಹಳೆಯ ದಾಖಲೆಗೆ ಈ ಶ್ರಮ ಸಾರ್ಥಕ; ನಾಳೆ ಮರೆತುಹೋಗುವ ಬಿಲ್ಲಿಗೆ ಖಂಡಿತ ಅಲ್ಲ.

ಇಮೇಜ್‌ಮ್ಯಾಜಿಕ್ ಬಿಡಿ ಚಿತ್ರಗಳ ರಾಶಿಗೆ ಚುರುಕಾದುದು, ಪಿಡಿಎಫ್‌ಗೆ ನಾನು ಶಿಫಾರಸು ಮಾಡಲಾರೆ. ಡೆನ್ಸಿಟಿಯನ್ನು, ಅಂದರೆ ಒಂದು ಅಂಗುಲಕ್ಕೆ ಎಷ್ಟು ಬಿಂದು (ಡಿಪಿಐ) ಎಂಬುದನ್ನು, ನಾವೇ ಹೇಳದಿದ್ದರೆ ಅದು ಪಿಡಿಎಫ್ ಪುಟವನ್ನು 72 ಡಿಪಿಐಗೆ ಇಳಿಸಿ ಓದುವುದರಿಂದ, ನೇರವಾದ ಅಕ್ಷರಗಳು ಓದಲು ಬಾರದಷ್ಟು ಮಸುಕಾಗಿರುತ್ತವೆ.

ಯಾವ ತಂತ್ರಾಂಶವನ್ನು ಆರಿಸಿಕೊಂಡರೂ ಸ್ಕ್ಯಾನನ್ನು ಬರಿಯ ಕಪ್ಪು-ಬಿಳುಪಿನಲ್ಲಿ ಮಾಡದೆ 300 ಡಿಪಿಐ ಗ್ರೇಸ್ಕೇಲಿನಲ್ಲಿ, ಅಂದರೆ ಬೂದು ಛಾಯೆಗಳೂ ಇರುವಂತೆ, ಮಾಡಬೇಕು. ಕಪ್ಪು-ಬಿಳುಪಿನ ಚಿತ್ರದಲ್ಲಿ ಪ್ರತಿ ಬಿಂದುವೂ ಪೂರ್ತಿ ಕಪ್ಪು ಇಲ್ಲವೇ ಪೂರ್ತಿ ಬಿಳಿ. ಅದನ್ನು ಅರ್ಧ ಡಿಗ್ರಿ ತಿರುಗಿಸಿದರೂ ಅಕ್ಷರದ ಅಂಚು ಗರಗಸದಂತೆ ಹಲ್ಲುಹಲ್ಲಾಗುತ್ತದೆ, ಸಣ್ಣ ಒತ್ತಕ್ಷರಗಳಲ್ಲಿ ಇದು ಎದ್ದು ಕಾಣುತ್ತದೆ. ಕಡತ ಚಿಕ್ಕದಾಗಲೇಬೇಕಿದ್ದರೆ ತಿರುಗಿಸುವ ಕೆಲಸವೆಲ್ಲ ಮುಗಿದ ಮೇಲೆ ಕೊನೆಯ ಹಂತದಲ್ಲಿ ಕಪ್ಪು-ಬಿಳುಪಿಗೆ ಇಳಿಸಬಹುದು.