ಹಾಲ್‌ನಿಂದ ಪಕ್ಕದ ಕ್ಲಾಸ್‌ರೂಮಿಗೆ: ಎಚ್‌ಡಿಬೇಸ್‌ಟಿ, ಎಸ್‌ಡಿಐ, ಎನ್‌ಡಿಐ

ದೊಡ್ಡ ಹಾಲ್ ತುಂಬಿದರೆ ಪಾಠವನ್ನು ಪಕ್ಕದ ಎರಡು ಕ್ಲಾಸ್‌ರೂಮಿಗೂ ಕಳಿಸಬೇಕು. ನನ್ನ ಕೆಲಸ ಇಷ್ಟೇ. ಉದ್ದದ ಎಚ್‌ಡಿಎಂಐ ಕೇಬಲ್ ಮೊದಲೇ ಕೈಬಿಟ್ಟೆ. ಸಾಮಾನ್ಯ ಕೇಬಲ್ 15 ಮೀಟರ್ ದಾಟಿದರೆ ಚಿತ್ರ ನಂಬುವ ಹಾಗಿಲ್ಲ. ಚಿತ್ರ, ಸೌಂಡ್ ದೂರಕ್ಕೆ ಕಳಿಸುವ ಉಳಿದ ಮೂರು ದಾರಿ ಎಚ್‌ಡಿಬೇಸ್‌ಟಿ, ಎಸ್‌ಡಿಐ, ಎನ್‌ಡಿಐ. ಮೂರನ್ನೂ ಬಳಸಿ ನೋಡಿದ್ದೇನೆ.

ಎಚ್‌ಡಿಬೇಸ್‌ಟಿ ಲ್ಯಾಪ್‌ಟಾಪಿಗೆ ಹೇಳಿ ಮಾಡಿಸಿದ್ದು. ಒಂದೇ ಕ್ಯಾಟ್6 ವೈರಿನಲ್ಲಿ ಚಿತ್ರ, ಸೌಂಡ್ ಎರಡೂ 100 ಮೀಟರ್ ತನಕ ಹೋಗುತ್ತವೆ. ಸ್ಲೈಡಿನ ಸಣ್ಣ ಅಕ್ಷರವೂ ಚೆನ್ನಾಗಿ ಕಾಣುತ್ತದೆ. ತೊಂದರೆ ಏನಂದ್ರೆ, ವೈರ್ ನೋಡೋಕೆ ನೆಟ್‌ವರ್ಕ್ ವೈರಿನ ಹಾಗೇ ಇರುತ್ತದೆ, ಆದರೆ ನೆಟ್‌ವರ್ಕ್ ಸ್ವಿಚ್ ಮೂಲಕ ಹೋಗುವುದಿಲ್ಲ. ರಜೆಯಲ್ಲಿ ಯಾರೋ ರ‍್ಯಾಕ್ ಚೊಕ್ಕ ಮಾಡುವಾಗ ಅದನ್ನೂ ಸ್ವಿಚ್‌ಗೆ ಚುಚ್ಚಿಬಿಟ್ಟಿದ್ದರು. ಮೊದಲ ದಿನ ಬೆಳಗ್ಗೆ ಪ್ರೊಜೆಕ್ಟರ್‌ನಲ್ಲಿ ಬರೀ ನೀಲಿ. ಅವತ್ತಿನಿಂದ ಆ ವೈರಿಗೆ ಎರಡೂ ತುದಿಯಲ್ಲಿ ಕೆಂಪು ಟೇಪ್ ಸುತ್ತಿದ್ದೇನೆ.

ಎಸ್‌ಡಿಐ ಟಿವಿ ಸ್ಟುಡಿಯೊಗಳ ಹಳೆಯ ಕೇಬಲ್ ಪದ್ಧತಿ, ಯಾರಿಗೂ ಅದರ ಮೇಲೆ ಮೋಹ ಇಲ್ಲ. ನನಗಿದೆ. ಬಿಎನ್‌ಸಿ ಕನೆಕ್ಟರ್ ಕಾಲು ಸುತ್ತು ತಿರುಗಿಸಿದರೆ ಟಕ್ ಅಂತ ಕೂರುತ್ತದೆ. ಆಮೇಲೆ ಯಾರ ಕಾಲಿಗೆ ತಗುಲಿದರೂ ಸುಲಭಕ್ಕೆ ಕಳಚುವುದಿಲ್ಲ. 3ಜಿ-ಎಸ್‌ಡಿಐ ಸೆಕೆಂಡಿಗೆ 60 ಫ್ರೇಮಿನ ಫುಲ್ ಎಚ್‌ಡಿಯನ್ನು ಆರಾಮಾಗಿ ಒಯ್ಯುತ್ತದೆ. ಕ್ಯಾಮೆರಾಗೆ ಇದೇ ಸರಿ. ಲ್ಯಾಪ್‌ಟಾಪಿಗಾದರೆ ಕನ್ವರ್ಟರ್ ಬೇಕು, ಕಾಪಿ-ರಕ್ಷಣೆ ಇರುವ ವಿಡಿಯೊ ಹಾಕಿದರೆ ಅದು ಕಪ್ಪು ಪರದೆ ತೋರಿಸಿ ಸುಮ್ಮನಾಗುತ್ತದೆ.

ಎನ್‌ಡಿಐ ಮೂರರಲ್ಲಿ ಜಾಣ. ನ್ಯೂಟೆಕ್ ಎಂಬ ವಿಡಿಯೊ ಕಂಪನಿ 2015ರಲ್ಲಿ ತಂದದ್ದು. ಇರುವ ನೆಟ್‌ವರ್ಕ್ ಮೇಲೇ ಎಷ್ಟು ಕೋಣೆಗೆ ಬೇಕಾದರೂ ಹಂಚಬಹುದು. ಪೂರ್ತಿ ಎನ್‌ಡಿಐ ಒಂದು ಎಚ್‌ಡಿ ಚಿತ್ರಕ್ಕೆ 100 ಎಂಬಿಪಿಎಸ್‌ಗಿಂತ ಜಾಸ್ತಿ ತಿನ್ನುತ್ತದೆ, ಹಾಗಾಗಿ ವೈಫೈ ಆಸೆ ಬಿಡಿ. ನನ್ನ ಅರ್ಧ ದಿನ ತಿಂದದ್ದು ಬೇರೆ ವಿಷಯ. ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಸಂದೇಶ) ಹೋಗುತ್ತಿತ್ತು, ಆದರೆ ಕ್ಯಾಮೆರಾ ಹೆಸರು ಲಿಸ್ಟಿನಲ್ಲೇ ಇಲ್ಲ. ಪಕ್ಕದ ರೂಮ್ ನೆಟ್‌ವರ್ಕಿನ ಬೇರೆ ಭಾಗದಲ್ಲಿ, ಅಂದರೆ ಬೇರೆ ವಿಎಲ್ಯಾನ್‌ನಲ್ಲಿತ್ತು. ಎನ್‌ಡಿಐ ತನ್ನ ಹೆಸರನ್ನು ಕೂಗಿ ಹೇಳುವುದು ತಾನಿರುವ ಭಾಗದ, ಅಂದರೆ ಅದೇ ಸಬ್‌ನೆಟ್‌ನ ಒಳಗೆ ಮಾತ್ರ. ಹೆಸರುಗಳ ಪಟ್ಟಿ ಇಡುವ ಡಿಸ್ಕವರಿ ಸರ್ವರ್ ಇಟ್ಟ ಮೇಲೆ ಸರಿಹೋಯಿತು.

ಕಡಿಮೆ ಬ್ಯಾಂಡ್‌ವಿಡ್ತ್‌ನ ಎನ್‌ಡಿಐ ಎಚ್‌ಎಕ್ಸ್ ಕೂಡ ಹಾಕಿ ನೋಡಿದೆ. ಚಿತ್ರ ಪರವಾಗಿಲ್ಲ, ತಡ ಜಾಸ್ತಿ. ಎರಡೂ ಬಾಗಿಲು ತೆರೆದಿದ್ದರೆ ಹಾಲ್‌ನ ನಗು ಮೊದಲು ಕೇಳಿಸುತ್ತದೆ, ಜೋಕ್ ಆಮೇಲೆ ಬರುತ್ತದೆ!

ಸೌಂಡ್ ಮಾತ್ರ ಯಾವುದರಲ್ಲೂ ಕ್ಯಾಮೆರಾ ಮೈಕಿನಿಂದ ತಗೊಳ್ಳಬೇಡಿ, ಮಿಕ್ಸರ್‌ನಿಂದಲೇ ಕೊಡಿ.

ಈಗ ನನ್ನಲ್ಲಿ ಕ್ಯಾಮೆರಾ ಎಸ್‌ಡಿಐ, ಲ್ಯಾಪ್‌ಟಾಪ್ ಎಚ್‌ಡಿಬೇಸ್‌ಟಿ, ಕೋಣೆಗಳಿಗೆ ಎನ್‌ಡಿಐ. ನೆಟ್‌ವರ್ಕ್ ನೋಡಿಕೊಳ್ಳುವವರು ಫೋನ್ ಎತ್ತದ ಕಡೆ ಮಾತ್ರ ಎನ್‌ಡಿಐ ಗೊಡವೆ ಬೇಡ. ಎನ್‌ಡಿಐ ಕೈಕೊಟ್ಟರೆ ಇರಲಿ ಅಂತ ಪಕ್ಕದ ರೂಮಿನ ತನಕ ಒಂದು ಎಸ್‌ಡಿಐ ಕೇಬಲ್ ಎಳೆದು ಸುಮ್ನೆ ಸುತ್ತಿಟ್ಟಿದ್ದೇನೆ. ಇದುವರೆಗೆ ಎರಡು ಸಲ ಬಿಚ್ಚಿದ್ದೇನೆ.