ಹಳ್ಳದ ನೀರಿಗೆ ಯಾವ ಫಿಲ್ಟರ್? ಎರಡನ್ನೂ ಓಡಿಸಿ ನೋಡಿದ್ದು

ಸಕಲೇಶಪುರದ ಕಡೆ ನಮ್ಮ ತೋಟದ ಲೈನ್ ಮನೆಗಳಲ್ಲಿ (ಕೆಲಸಗಾರರ ಸಾಲು ಮನೆಗಳು) ಸುಮಾರು ನೂರು ಜನ ಇದ್ದಾರೆ. ಎಲ್ಲರೂ ಕುಡಿಯೋದು ಹಳ್ಳದ ನೀರು. ಜಲ ಜೀವನ್ ಮಿಷನ್ ಲೆಕ್ಕದ ಹಾಗೆ ತಲೆಗೆ 55 ಲೀಟರ್ ಹಿಡಿದರೂ ದಿನಕ್ಕೆ 5,500 ಲೀಟರ್ ಬೇಕು. ಇದಕ್ಕೆ ಪ್ರೆಶರ್ ಸ್ಯಾಂಡ್ ಫಿಲ್ಟರನ್ನೂ (ಮುಚ್ಚಿದ ಟ್ಯಾಂಕಿನ ಮರಳಲ್ಲಿ ಪಂಪ್ ಒತ್ತಡದಿಂದ ನೀರು ಹಾಯಿಸುವುದು) ನಿಧಾನ ಮರಳು ಫಿಲ್ಟರನ್ನೂ (ತೊಟ್ಟಿಯ ಮರಳಲ್ಲಿ ನೀರು ತಾನಾಗಿ ಇಳಿಯುವುದು) ಮಳೆಗಾಲದಲ್ಲಿ ಅಕ್ಕಪಕ್ಕ ಓಡಿಸಿದೆವು. ಆರ್‌ಓ ಯೋಚನೆ ಮಾಡಲಿಲ್ಲ. ಅದು ಉಪ್ಪಿನಂಶ ಜಾಸ್ತಿ ಇರುವ ನೀರಿಗೆ. ನಮ್ಮ ಹಳ್ಳಕ್ಕೆ ಸುಮ್ನೆ ಖರ್ಚು.

ಪ್ರೆಶರ್ ಫಿಲ್ಟರ್ ಪಂಪ್‌ಹೌಸಿನ ಮೂಲೆಯಲ್ಲೇ ಕೂರುತ್ತದೆ. ಅದರ ಮರಳಲ್ಲಿ ನೀರು ಗಂಟೆಗೆ 10 ಮೀಟರ್ ವೇಗದಲ್ಲಿ ಇಳಿಯಬಹುದು. ನಿಧಾನ ಫಿಲ್ಟರಲ್ಲಿ ಗಂಟೆಗೆ 10 ಸೆಂಟಿಮೀಟರ್ ಅಷ್ಟೇ. ಜಾಗ ಇಲ್ಲದವರಿಗೆ ಇದೊಂದೇ ಸಾಕು, ಪ್ರೆಶರ್ ಫಿಲ್ಟರ್ ಹಾಕಿಸಲು. ಆದರೆ ಕೆಂಪು ಮಣ್ಣಿನ ನಯವಾದ ಜೇಡಿ ಅದರೊಳಗಿಂದ ನುಸುಳಿಬಿಡುತ್ತದೆ. ತಡೆಯಬೇಕೆಂದರೆ ಮೊದಲೇ ಪಟಿಕ ಹಾಕಬೇಕು, ಬಗ್ಗಡ ಹೆಚ್ಚಿದ ಹಾಗೆಲ್ಲ ಅಳತೆ ಬದಲಿಸಬೇಕು. ಮೋಟಾರ್ ಬೇಕು, ಬ್ಯಾಕ್‌ವಾಶ್‌ಗೆ (ನೀರು ಹಿಮ್ಮುಖವಾಗಿ ಹಾಯಿಸಿ ಮರಳು ತೊಳೆಯಲು) ಬೇರೆ ನೀರು ಹೋಗುತ್ತದೆ. ಆಷಾಢದ ಗಾಳಿಗೆ ಕರೆಂಟ್ ಹೋಯಿತೋ, ನೀರೂ ನಿಂತಿತು.

ನಿಧಾನ ಫಿಲ್ಟರನ್ನು ನಾಲ್ಕು ಅಡಿ ಅಗಲದ ಸಿಮೆಂಟ್ ರಿಂಗ್ ಜೋಡಿಸಿ ಕಟ್ಟಿದೆವು. 1829ರಲ್ಲಿ ಲಂಡನ್ನಿನಲ್ಲಿ ಥೇಮ್ಸ್ ನೀರು ಸೋಸಲು ಕಟ್ಟಿದ್ದೂ ಇದೇ ಬಗೆಯದು. ಅಡಿಯಲ್ಲಿ ಜಲ್ಲಿ, ಮೇಲೆ ಮೂರು ಅಡಿ ನಯ ಮರಳು. ಒಂದು ತೊಟ್ಟಿ ದಿನಕ್ಕೆ 2,800 ಲೀಟರ್ ಕೊಡುತ್ತದೆ, ಎರಡಿದ್ದರೆ ಲೆಕ್ಕ ಸರಿಹೋಯಿತು. ಹಳ್ಳ ಎತ್ತರದಲ್ಲಿದೆ, ಹಾಗಾಗಿ ಮೋಟಾರ್ ಬೇಡ. ಮರಳಿನ ಮೇಲೆ ಕಂದು ಬಣ್ಣದ ಲೋಳೆ ಪದರ ಕಟ್ಟುತ್ತದೆ. ರೋಗಾಣುಗಳನ್ನು ಹಿಡಿದು ತಿನ್ನುವ ಜೀವಿಗಳು ಇರೋದು ಅಲ್ಲೇ. ಅದು ಒಣಗಬಾರದು ಅಂತ ಹೊರಹೋಗುವ ಪೈಪನ್ನು ಮರಳಿಗಿಂತ ತುಸು ಮೇಲಕ್ಕೆ ಎತ್ತಿ ಬಗ್ಗಿಸಿದ್ದೇವೆ. ಮರಳು ಕಟ್ಟಿಕೊಂಡು ನೀರು ಸರಿಯಾಗಿ ಸೋಸದಾದಾಗ ಮೇಲಿನ ನೀರು ಇಳಿಸಿ, ಮೇಲಿನ ಅರ್ಧ ಇಂಚು ಮರಳು ಹೆರೆದು ತೆಗೆದರೆ ಆಯಿತು. ಪದರ ಮತ್ತೆ ಕಟ್ಟುವವರೆಗೆ ಕೆಲವು ದಿನ ಆ ತೊಟ್ಟಿಯ ನೀರು ಕುಡಿಯಲು ಬಿಡಬಾರದು. ಅಷ್ಟು ದಿನ ಇನ್ನೊಂದರಲ್ಲೇ ಸುಧಾರಿಸಬೇಕು.

ತೊಂದರೆ ಮಳೆಗಾಲದ್ದೇ. ರಾಡಿ ನೀರು ನೇರ ಬಂದರೆ ನಿಧಾನ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಇದಕ್ಕೆ ಮುಂದೆ ಒಂದು ಜಲ್ಲಿ ತೊಟ್ಟಿ ಇಟ್ಟೆವು. ಖರ್ಚು ಉಳಿಸಿದ್ದೇ ಇದು ಅನ್ನುತ್ತೇನೆ. ಕೆಳಗೆ ದಪ್ಪ ಜಲ್ಲಿ, ನಡುವೆ ಮಧ್ಯಮ, ಮೇಲೆ ಸಣ್ಣದು. ನೀರು ಅಡಿಯಿಂದ ಒಳಬಂದು ನಿಧಾನವಾಗಿ ಮೇಲೇರುತ್ತದೆ, ಮಣ್ಣು ಜಲ್ಲಿಯ ಸಂದಿಯಲ್ಲೇ ಕೂರುತ್ತದೆ. ತಳದ ದೊಡ್ಡ ವಾಲ್ವನ್ನು ಒಮ್ಮೆಲೇ ತೆರೆದರೆ ಕೆಸರು ಭರ್ ಅಂತ ಕೆಂಪಗೆ ಹೊರಬರುತ್ತದೆ, ಆಮೇಲೆ ಬಣ್ಣ ತಿಳಿಯಾಗುತ್ತದೆ. ಪಟಿಕವೂ ಬೇಡ, ಮೋಟಾರೂ ಬೇಡ. ಜಲ್ಲಿ ತೊಟ್ಟಿ ಇಲ್ಲದೆ ಬರೀ ನಿಧಾನ ಫಿಲ್ಟರ್ ಕಟ್ಟಿ ಅಂತ ಮಲೆನಾಡಿನ ಯಾರಿಗೂ ಹೇಳಲಾರೆ.

ಯಾವ ಫಿಲ್ಟರಾದರೂ ಕ್ಲೋರಿನ್ ತಪ್ಪಿಸಬೇಡಿ. ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು.

ಮರಳಿನ ಬಗ್ಗೆ ಒಂದು ಮಾತು. ದಪ್ಪ ಮರಳು ಹಾಕಿದರೆ ಮಣ್ಣು ಆಳಕ್ಕೆ ಇಳಿದುಬಿಡುತ್ತದೆ, ಮೇಲೆ ಹೆರೆದು ಪ್ರಯೋಜನವಿಲ್ಲ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ಜರಡಿ ಹಿಡಿದು, ತೊಳೆದ ನೀರು ತಿಳಿಯಾಗುವ ತನಕ ತೊಳೆದು ತುಂಬಿ.